ತಂತಿಗೆ ಸಿಕ್ಕ ಮಟ್ಟೆ ಲೋಡು

ಅಕ್ಕನ ಗಂಡ ಲಾರಿ ಕೊಂಡಾಗಿನಿಂದ ನಾನೇ ಅದರ ಡ್ರೈವರ್. ಸಖರಾಯಪಟ್ಟಣದ ತೋಟಗಳಲ್ಲಿ ತೆಂಗಿನಕಾಯಿ ಸುಲಿದು ಉಳಿದ ಮಟ್ಟೆಯನ್ನು ಶಿವನಿ ಹತ್ತಿರದ ನಾರಿನ ಕಾರ್ಖಾನೆಗೆ ಹೊಡೆಯುವುದು ನಮ್ಮ ಕೆಲಸ. ಒಣಮಟ್ಟೆ ಹಗುರ, ಎಷ್ಟು ತುಂಬಿದರೂ ತೂಕ ಮೀರುವುದಿಲ್ಲ, ಎತ್ತರ ಮೀರುತ್ತದೆ. ಎತ್ತರಕ್ಕೂ ಕಾನೂನಿದೆ ಎಂಬುದು ಭಾವನಿಗೆ ಗೊತ್ತಿತ್ತು. ಆದರೂ ಆ ದಿನ ಹಗ್ಗ ಬಿಗಿಯುವ ಮುಂಚೆ ಇನ್ನೊಂದು ವರಸೆ ಏರಿಸಿದ.

ಕಡೂರು, ಬೀರೂರು ದಾಟಿ ಅಜ್ಜಂಪುರದ ಕಡೆ ತಿರುಗಿದ ಮೇಲೆ ಎದುರು ಬಂದ ಲಾರಿಯವನು ಲೈಟು ಮಿಣುಕಿಸಿ ಕೈ ಆಡಿಸಿದ. ಮುಂದೆ ಆರ್‌ಟಿಒ ಜೀಪು ನಿಂತಿದೆ ಎಂದು ಅರ್ಥ.

“ಎಡಕ್ಕೆ ತಿರುಗ್ಸು, ಹಳ್ಳಿ ಒಳಗಿಂದ ಹೋಗಣ,” ಎಂದ ಭಾವ.

“ಬ್ಯಾಡ ಭಾವ, ಅಲ್ಲಿ ಕರೆಂಟ್ ತಂತಿ ಜೋತು ಬಿದ್ದೈತೆ.”

“ನಿಧಾನಕ್ಕೆ ಹೋಗೋ. ಏನೂ ಆಗಲ್ಲ.”

ನಿಧಾನವಾಗಿಯೇ ಹೋದೆ. ಹಳ್ಳಿ ಇನ್ನೂ ಸ್ವಲ್ಪ ದೂರವಿರುವಾಗ ತಲೆಯ ಮೇಲೆ ಏನೋ ಜಗ್ಗಿದ ಹಾಗಾಯಿತು. ಬ್ರೇಕ್ ತುಳಿಯುವಷ್ಟರಲ್ಲಿ ತಂತಿ ಕಿತ್ತು ಬಂದು ಕ್ಯಾಬಿನ್ ಮೇಲೆ ಬಿತ್ತು. ಚಟಚಟ ಸದ್ದು, ನೀಲಿ ಕಿಡಿ. ಭಾವ ಬಾಗಿಲಿಗೆ ಕೈ ಹಾಕಿದ.

ಹೊಲದಲ್ಲಿ ಆಡು ಕಾಯುತ್ತಿದ್ದ ಹೆಂಗಸು ಕಿರುಚಿದಳು: “ಇಳೀಬ್ಯಾಡ್ರೀ! ಲಾರಿ ಮ್ಯಾಲೆ ತಂತಿ ಬಿದ್ದೈತೆ, ಸತ್ತೋಗ್ತೀರ!”

ನಾನು ಭಾವನ ಅಂಗಿ ಹಿಡಿದು ಎಳೆದೆ. ಅವಳು ಲೈನ್‌ಮನ್‌ಗೆ ಫೋನ್ ಮಾಡುವುದು ಕಾಣುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಹೊಗೆ ಬರತೊಡಗಿತು. ಮಟ್ಟೆ ಹೊತ್ತಿಕೊಂಡಿತ್ತು. ಒಳಗೆ ಕೂತರೆ ಬೆಂಕಿ, ಕೆಳಗೆ ಕಾಲಿಟ್ಟರೆ ಕರೆಂಟು. ಯಾವ ಕಬ್ಬಿಣಕ್ಕೆ ಮೈ ತಾಗಿದರೂ ಹೋದೆವು ಅನ್ನಿಸಿ, ಸೀಟಿನ ನಡುವೆ ಇಬ್ಬರೂ ಮುದುಡಿ ಕೂತೆವು.

“ಉಸಿರು ಕಟ್ತೈತೆ ಕಣೋ, ಹಾರ್‌ಬಿಡ್ತೀನಿ,” ಎಂದ ಭಾವ. ಅವನ ದನಿ ಮಗುವಿನದಾಗಿತ್ತು.

“ಆಯಮ್ಮ ಹೇಳೋಗಂಟ ಅಲ್ಲಾಡ್ಬ್ಯಾಡ,” ಎಂದೆ. ಹಿಡಿದ ಅಂಗಿ ಬಿಡಲಿಲ್ಲ. ಹೊಗೆಯಲ್ಲಿ ಕಣ್ಣು ಬಿಡಲಾಗದೆ, ಅವಳ ದನಿಗಾಗಿ ಕಿವಿಗೊಟ್ಟು ಕೂತೆ. ಅಷ್ಟು ಹೊತ್ತು ನಾನು ಯಾರ ಮಾತಿಗೂ ಕಾದಿಲ್ಲ.

“ಲೈನ್ ಆಫ್ ಮಾಡವ್ರಂತೆ, ಇಳೀರಿ, ಇಳೀರಿ!”

ಇಳಿದು ಓಡಿದೆವು. ಹಳ್ಳಿಯವರು ಬಂದರು. ಕರೆಂಟು ತೆಗೆದದ್ದರಿಂದ ಬೋರ್‌ವೆಲ್ ಮೋಟಾರು ಓಡುವಂತಿರಲಿಲ್ಲ. ದನದ ತೊಟ್ಟಿಯಿಂದ ಕೊಡಗಳಲ್ಲಿ ನೀರು ತಂದು ಸುರಿದರು. ಅರ್ಧ ಲೋಡು ಎಳೆದು ಕೆಡವಿದ ಮೇಲೆ ಬೆಂಕಿ ಆರಿತು. ಹಿಂದಿನ ಬಾಡಿಯ ಹಲಗೆ ಸುಟ್ಟು ಕಪ್ಪಾಗಿತ್ತು, ಲಾರಿ ಉಳಿಯಿತು. ಲೈನ್‌ಮನ್ ಬೈದ. ಭಾವ ಆಡು ಕಾಯುವವಳ ಹತ್ತಿರ ಹೋಗಿ ಕೈ ಮುಗಿದ.

ಅಂದಿನಿಂದ ಅವನು ಬಾಡಿಯ ಎತ್ತರ ಮೀರಿ ಮಟ್ಟೆ ತುಂಬಿಸಿಲ್ಲ. ನಾವು ದೊಡ್ಡ ರಸ್ತೆಯಲ್ಲೇ ಹೋಗುತ್ತೇವೆ. ಜೀಪು ಕಂಡರೆ ನಾನೇ ಪಕ್ಕಕ್ಕೆ ಹಾಕಿ ನಿಲ್ಲಿಸುತ್ತೇನೆ. ಆದರೆ ಬಾಗಿಲ ಹಿಡಿ ಮುಟ್ಟುವ ಮುನ್ನ ಕೈ ಇಂದಿಗೂ ಒಂದು ಗಳಿಗೆ ಹಿಂಜರಿಯುತ್ತದೆ.