ಒಂದು ರಾತ್ರಿ ಖಾಲಿ ಬಿಡಬೇಕಾದ ಮನೆ

ಡೊಂಬಿವಲಿ ಪೂರ್ವದಲ್ಲಿ ನನಗೂ ನನ್ನ ಮಗಳಿಗೂ ಸಿಕ್ಕ ಮನೆ ಎರಡನೆಯ ಮಾಳಿಗೆಯಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ. ಕರಾರು ಹನ್ನೊಂದು ತಿಂಗಳದ್ದು. ಅವಧಿ ಮುಗಿದ ದಿನ ಮನೆಯನ್ನು ಪೂರ್ತಿ ಖಾಲಿ ಮಾಡಿ, ಕೀಲಿಯನ್ನು ಮಾಲೀಕರಿಗೆ ಒಪ್ಪಿಸಿ, ಒಂದು ರಾತ್ರಿ ಬೇರೆಲ್ಲಾದರೂ ಇದ್ದು, ಮರುದಿನ ಹೊಸ ಕರಾರಿನೊಂದಿಗೆ ಒಳಗೆ ಬರಬೇಕು. ತೊಂಬತ್ತರ ದಶಕದಲ್ಲಿ ಆ ಕಡೆಯ ಎಷ್ಟೋ ಮಾಲೀಕರು ಹೀಗೆ ಮಾಡುತ್ತಿದ್ದರು. ಬಾಡಿಗೆಯವರು ಒಂದೇ ಸಮನೆ ಉಳಿದರೆ ಮನೆ ಅವರದೇ ಆಗಿಬಿಡುತ್ತದೆ ಎಂಬ ಹೆದರಿಕೆ ಅವರಿಗೆ. ನಡುವೆ ಒಂದು ರಾತ್ರಿ ಮನೆ ಬರಿದಾಗಿದ್ದರೆ ಆ ಹಕ್ಕು ಕಡಿದುಹೋಗುತ್ತದೆ ಎಂದು ಯಾರೋ ವಕೀಲರು ಹೇಳಿಕೊಟ್ಟಿದ್ದರು.

ಮಾಲೀಕರು ರೈಲ್ವೆಯಿಂದ ನಿವೃತ್ತರಾದ ಮರಾಠಿ ಗೃಹಸ್ಥರು. ಪಕ್ಕದ ಬಿಲ್ಡಿಂಗಿನಲ್ಲೇ ಇದ್ದರು.

"ಮರುದಿನ ಕೀಲಿ ವಾಪಸ್ ಕೊಡುತ್ತೇನೆ ಅಂತ ಒಂದು ಸಾಲು ಬರೆದುಕೊಡಿ ಕಾಕಾ," ಎಂದು ಕೇಳಿದ್ದೆ.

ಅವರು ನಕ್ಕರು. "ಲಿಹೂನ್ ದಿಲಂ ತರ್ ಖಾಲೀ ಕಶಾಲಾ ಕರಾಯ್ಚಂ, ಬಾಯಿ?" ಬರೆದುಕೊಟ್ಟರೆ ಖಾಲಿ ಮಾಡಿಸುವುದೇಕೆ ಎಂದು ಅವರ ಪ್ರಶ್ನೆ. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ನಾನು ಆಗ ಮುಂಬಯಿಯ ಒಂದು ಕನ್ನಡ ದಿನಪತ್ರಿಕೆಯಲ್ಲಿ ಉಪಸಂಪಾದಕಿ. ಒಬ್ಬರೇ ಹೇಳಿದ್ದನ್ನು ಸುದ್ದಿ ಎಂದು ಅಚ್ಚಿಗೆ ಕೊಡಬಾರದು, ಹೇಳಿದವರಿಗೆ ಅದರಿಂದ ಲಾಭವಿದ್ದರಂತೂ ಕೊಡಲೇಬಾರದು ಎಂಬುದು ನಮ್ಮ ಡೆಸ್ಕಿನ ನಿಯಮ. ಆದರೆ ನನ್ನ ಮಗಳ ತಲೆಯ ಮೇಲಿನ ಸೂರು ಒಬ್ಬರ ಬಾಯಿಮಾತಿನ ಮೇಲೆ ನಿಂತಿತ್ತು.

ಮಗಳು ನನ್ನ ಹತ್ತಿರ ಇರುವುದೂ ಇನ್ನೊಂದು ಬಾಯಿಮಾತಿನ ಮೇಲೆಯೇ. ಗಂಡ ಬೇರೆ ಸಂಸಾರ ಮಾಡಿಕೊಂಡು ಹೋದ ಮೇಲೆ ಠಾಣೆಯ ನೌಪಾಡಾದಲ್ಲಿ ಅವರ ಸಂಬಂಧಿಕರ ಮನೆಯಲ್ಲಿ ಹಿರಿಯರು ಕೂತಿದ್ದರು. ಕೋರ್ಟು ಬೇಡ ಎಂದರು. ನನ್ನ ಕಡೆಯಿಂದ ಮಾತಾಡಲು ಯಾರೂ ಇರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಹೋಗಿಯಾಗಿತ್ತು. ಗಂಡನ ಅಣ್ಣ, ನನ್ನ ಭಾವನವರು, ವಿಜಾಪುರದಿಂದ ಬಂದಿದ್ದರು. ಕೊನೆಯ ಮಾತು ಅವರದೇ. "ಹುಡುಗಿ ತಾಯಿ ಹತ್ರ ಇರಲಿ. ಆದ್ರ ಕಾಯಂ ಮನಿ ಇರಬೇಕು. ಇವತ್ತೊಂದು ಕಡೆ, ನಾಳೆ ಒಂದು ಕಡೆ ಆಗಬಾರದು. ಹಂಗೇನಾರ ಆತಂದ್ರ ನಾ ಬಂದು ಅಜ್ಜಿ ಹತ್ರ ಕರಕೊಂಡು ಹೋಗ್ತೇನಿ." ಅವರು ದನಿ ಏರಿಸಿರಲಿಲ್ಲ. ಏರಿಸಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಆ ಮೇಲೆ ಮನೆ ಹುಡುಕಿದ್ದು. ಕಲ್ಯಾಣದಲ್ಲಿ ಒಬ್ಬ ಏಜೆಂಟ್ ಸಿಕ್ಕ, ಕಲಬುರ್ಗಿ ಕಡೆಯವನು. ನಾಲ್ಕು ಮನೆ ತೋರಿಸಿದ. ನಾಲ್ಕೂ ಕಡೆ ಮೊದಲ ಪ್ರಶ್ನೆ ಒಂದೇ: ಯಜಮಾನರು ಎಲ್ಲಿ? ನಾಲ್ಕನೆಯ ಮನೆಯ ಮೆಟ್ಟಿಲಿಳಿಯುವಾಗ ಅವನು ಹೇಳಿದ, "ಅಕ್ಕಾರ, ನನ್ನ ಮಾತ ಕೇಳ್ರಿ. ಗಂಡ ದುಬೈದಾಗ ಅದಾನ ಅನ್ರಿ."

"ಇಲ್ಲದ್ದನ್ನ ಹೆಂಗ ಹೇಳಲಿ?"

"ಹಂಗಾರ ಸತ್ತಾನ ಅನ್ರಿ. ಸತ್ತಾನಂದ್ರ ಮನಿ ಕೊಡ್ತಾರ. ಬಿಟ್ಟಾನಂದ್ರ ಕೊಡೂದಿಲ್ಲ."

ನಗು ಬಂತು. ಲೋಕಲ್ ರೈಲು ಹತ್ತಿದ ಮೇಲೆ ಅದು ನಗುವ ಮಾತಲ್ಲ ಎನ್ನಿಸಿತು. ಡೊಂಬಿವಲಿಯ ಕಾಕಾ ಮಾತ್ರ ಆ ಪ್ರಶ್ನೆ ಕೇಳಲಿಲ್ಲ. ಅವರಿಗೆ ಬೇಕಾದದ್ದು ಸಮಯಕ್ಕೆ ಬಾಡಿಗೆ, ಮತ್ತು ಆ ಒಂದು ರಾತ್ರಿ.

ಮನೆಯ ಕೆಳಗೆ ಒಂದು ಕಿರಾಣಿ ಅಂಗಡಿ. ನಡೆಸುತ್ತಿದ್ದವರು ಹುಬ್ಬಳ್ಳಿ ಕಡೆಯ ದಂಪತಿ, ಅಂಗಡಿಯ ಹಿಂದೆಯೇ ಅವರ ವಾಸ. ಆ ಹೆಂಗಸನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ನಾನು ರಾತ್ರಿ ಪಾಳಿ ಮುಗಿಸಿ ಬರುವವರೆಗೆ ಮಗಳು ಅವರ ಹತ್ತಿರ ಇರುತ್ತಿದ್ದಳು.

ಮೇ ತಿಂಗಳು ಬಂತು. ಕರಾರು ಮುಗಿಯುವುದು ಆ ತಿಂಗಳ ಕೊನೆಗೆ. ಒಂದು ಸಂಜೆ ಆಫೀಸಿಗೆ ಫೋನ್. ಭಾವನವರು. "ಅವ್ವಗ ಮೊಮ್ಮಗಳನ್ನ ನೋಡೂ ಆಸೆ ಆಗೇತಿ. ನಾನೂ ಮನಿ ನೋಡಿಲ್ಲ. ಬರ್ತೇನಿ," ಎಂದು ದಿನ ಹೇಳಿದರು. ಅದು ನಾನು ಕೀಲಿ ಮರಳಿ ಪಡೆಯಬೇಕಾದ ದಿನ. ಅವರು ಬೆಳಿಗ್ಗೆ ಕಲ್ಯಾಣದಲ್ಲಿ ಇಳಿಯುತ್ತಾರೆ.

ಕಾಕಾನ ಹತ್ತಿರ ಓಡಿದೆ. ಖಾಲಿ ಮಾಡುವುದನ್ನು ಎರಡು ದಿನ ಹಿಂದೆಯೋ ಮುಂದೆಯೋ ಮಾಡೋಣ ಎಂದೆ. ತಾರೀಖು ಕಾಗದದಲ್ಲಿದೆ, ಬದಲಿಸಲಾಗದು ಎಂದರು. ಜೊತೆಯಲ್ಲಿದ್ದ ಅವರ ಮಗ ನನ್ನನ್ನು ಒಂದು ತರಹ ನೋಡಿದ. ಈ ಹೆಂಗಸು ಖಾಲಿ ಮಾಡಲು ಯಾಕೆ ಹಿಂದೆಮುಂದೆ ನೋಡುತ್ತಾಳೆ ಎಂಬ ಅನುಮಾನ ಅವನ ಮುಖದಲ್ಲಿತ್ತು. ಅದನ್ನು ಅಲ್ಲಿ ತಂದಿಟ್ಟವಳು ನಾನೇ.

ಆ ನೋಟದ ನಂತರ ನನಗೆ ಒಂದೇ ಯೋಚನೆ. ಅವರು ಕೀಲಿ ಕೊಡದಿದ್ದರೆ? ಇನ್ನೊಂದು ಜಾಗ ಗೊತ್ತುಮಾಡಿ ಇಟ್ಟುಕೊಳ್ಳಬೇಕು ಎಂದು ಮಗಳನ್ನು ಕರೆದುಕೊಂಡು ನವಿಮುಂಬಯಿ ಕಡೆ ಹೋದೆ. ಘಣಸೋಲಿಯ ಹಳೆಯ ಊರಿನಲ್ಲಿ ಒಂದು ಹಿತ್ತಿಲ ಕೋಣೆ ಇತ್ತು. ಮನೆಯೊಡತಿ ಕೆಲಸದ ವೇಳೆ ಕೇಳಿದಳು. ಹೇಳಿದೆ. "ನಾನು ಬಿಟ್ಟರೂ ಅಷ್ಟು ಹೊತ್ತಿಗೆ ಬರುವವಳನ್ನು ನಮ್ಮ ಓಣಿಯ ನಾಯಿಗಳು ಬಿಡುವುದಿಲ್ಲ ಬಾಯಿ," ಎಂದು ಮರಾಠಿಯಲ್ಲಿ ಹೇಳಿ ಮಗಳ ಕೈಗೆ ಒಂದು ಮಾವಿನಹಣ್ಣು ಕೊಟ್ಟು ಕಳಿಸಿದಳು.

ಖಾರಘರದಲ್ಲಿ ಮನೆ ಇತ್ತು, ಬಾಡಿಗೆ ಡೊಂಬಿವಲಿಗಿಂತ ಕಡಿಮೆ, ಯಾರ ಪ್ರಶ್ನೆಯೂ ಇಲ್ಲ. ಯಾಕೆಂದು ಹೋದ ಮೇಲೆ ತಿಳಿಯಿತು. ಬೆಟ್ಟದ ಬುಡದಲ್ಲಿ ಹೊಸ ಬಿಲ್ಡಿಂಗುಗಳು ಒಂದಕ್ಕೊಂದು ದೂರದೂರ ನಿಂತಿದ್ದವು. ನಮಗೆ ತೋರಿಸಿದ್ದರಲ್ಲಿ ಒಂದೇ ಸಂಸಾರ ವಾಸವಿತ್ತು. ನೀರು ಟ್ಯಾಂಕರಿನದು. ಬಸ್ ನಿಲ್ಲುವ ಜಾಗದಿಂದ ಬಿಲ್ಡಿಂಗಿನವರೆಗೆ ರಸ್ತೆದೀಪದ ಕಂಬಗಳಿದ್ದವು, ಬಲ್ಬ್ ಇರಲಿಲ್ಲ. ಮಗಳು ಬರಿಯ ಕೋಣೆಯಲ್ಲಿ ನಿಂತು ನನ್ನನ್ನು ಕೂಗಿದಳು. ಅವಳ ದನಿ ಗೋಡೆಗೆ ಬಡಿದು ತಿರುಗಿ ಬಂತು. ಅವಳಿಗೆ ಅದು ಆಟವಾಯಿತು, ಮತ್ತೆ ಮತ್ತೆ ಕೂಗಿದಳು. ನಾನು ಕೆಲಸದಲ್ಲಿರುವ ಹೊತ್ತಿನಲ್ಲಿ ಅವಳು ಅಲ್ಲಿ ಹಾಗೇ ಕೂಗಿದರೆ ಕೇಳುವವರು ಯಾರು ಎಂದು ಯೋಚಿಸಿದೆ. ಬೇಡ ಎಂದು ಹೇಳಿ ಬಂದೆ. ಬೇರೆ ಜಾಗ ಎಲ್ಲೂ ಉಳಿದಿರಲಿಲ್ಲ.

ಖಾಲಿ ಮಾಡುವ ದಿನ ಸಾಮಾನನ್ನೆಲ್ಲ ವೈನಿಯ ಅಂಗಡಿಯ ಹಿಂದಿನ ಪಡಸಾಲೆಗೆ ಇಳಿಸಿದೆವು. ಮಂಚ, ಟ್ರಂಕು, ಗ್ಯಾಸಿನ ಸಿಲಿಂಡರು, ಪಾತ್ರೆಗಳ ಗೋಣಿಚೀಲ. ಅದರ ಮೇಲೆ ವೈನಿಯ ಗಂಡ ಮಳೆಗೆ ಕಟ್ಟುವ ತಾಡಪತ್ರಿ ಹೊದಿಸಿದರು. ವೈನಿ ತಾವೇ ಮೇಲೆ ಹೋಗಿ ಕಸ ಗುಡಿಸಿ ಬಂದರು. ಕಾಕಾ ಮಗನೊಂದಿಗೆ ಬಂದು ಬಾಗಿಲ ಹಿಂದೆ, ಬಚ್ಚಲಲ್ಲಿ, ಅಟ್ಟದ ಮೇಲೆ ನೋಡಿದರು. ಕ್ಯಾಲೆಂಡರ್ ತೆಗೆಯಿರಿ ಎಂದರು. ತೆಗೆದೆ. ಮೊಳೆಯನ್ನೂ ಕೀಳಲು ಹೋದೆ.

"ಮೊಳೆ ಇರಲಿ, ಅದು ನನ್ನದು," ಎಂದರು.

ಬೀಗ ಹಾಕಿದರು. ನಾಳೆ ಬೆಳಿಗ್ಗೆ ಬನ್ನಿ ಎಂದರು. ಕೀಲಿ ಅವರ ಅಂಗಿಯ ಜೇಬಿಗೆ ಹೋಯಿತು. ಆ ರಾತ್ರಿ ವೈನಿಯ ಮನೆಯಲ್ಲಿ ಮಲಗಿದೆವು. ಮಗಳು ನಿದ್ದೆ ಮಾಡಿದಳು.

ಬೆಳಿಗ್ಗೆ ಮಗಳೊಂದಿಗೆ ಮೇಲೆ ಹೋದಾಗ ಬಾಗಿಲು ತೆರೆದಿತ್ತು. ಕಾಕಾ ಹೊಸ್ತಿಲ ಹೊರಗೆ ನಿಂತಿದ್ದರು. ಅವರ ಮಗನ ಕೈಯಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ.

"ಅಡುಗೆಕಟ್ಟೆಯ ಕೆಳಗೆ, ಪೈಪಿನ ಹಿಂದೆ ಇತ್ತು. ಏನಿದು?" ಎಂದ ಮರಾಠಿಯಲ್ಲಿ.

ಮುಚ್ಚಳ ತೆಗೆದು ತೋರಿಸಿದ. ಒಂದು ಹಿಡಿ ಜೋಳ, ಒಂದು ತುಂಡು ಬೆಲ್ಲ.

ನೋಡಿದ ತಕ್ಷಣ ತಿಳಿಯಿತು. ನನ್ನ ಅಮ್ಮನೂ ಊರಿಗೆ ಹೊರಟಾಗಲೆಲ್ಲ ಇದನ್ನೇ ಮಾಡುತ್ತಿದ್ದಳು. ಮರಳಿ ಬರುವ ಮನೆಯನ್ನು ಪೂರ್ತಿ ಬರಿದು ಮಾಡಿ ಹೋಗಬಾರದು, ಒಂದಿಷ್ಟು ಕಾಳು ಒಳಗೆ ಇರಬೇಕು. ಗುಡಿಸಲು ಹೋದ ವೈನಿ ಡಬ್ಬಿ ಇಟ್ಟು ಬಂದಿದ್ದರು. ಮೊಣಕಾಲು ನೋವಿನಿಂದ ಬಗ್ಗಲಾರದ ಕಾಕಾ ಪೈಪಿನ ಹಿಂದೆ ನೋಡಿರಲಿಲ್ಲ, ಮಗ ಆಗ ಅಟ್ಟ ನೋಡುತ್ತಿದ್ದ.

"ಇದು ಖಾಲಿ ಮಾಡಿದ್ದಲ್ಲ," ಎಂದ ಮಗ. "ಒಂದು ಪೆಟ್ಟಿಗೆ ಒಳಗೆ ಬಿಟ್ಟು, ನಾನು ಮನೆ ಬಿಟ್ಟೇ ಇಲ್ಲ ಅಂತ ಕೇಸು ಹಾಕಿದವರನ್ನು ನೋಡಿದ್ದೇವೆ. ಪೇಪರಿನವರಿಗೆ ಕಾಯದೆ ಗೊತ್ತಿರುತ್ತದೆ. ಬಾಬಾ, ಕೀಲಿ ಕೊಡಬೇಡಿ."

ನಾನು ಪದ್ಧತಿಯನ್ನು ವಿವರಿಸಿದೆ. ನನ್ನ ಮಾತು ನನಗೇ ಸುಳ್ಳಿನಂತೆ ಕೇಳಿಸಿತು. ಸದ್ದು ಕೇಳಿ ವೈನಿ ಏದುಸಿರು ಬಿಡುತ್ತ ಮೇಲೆ ಬಂದರು. "ನಾನ ಇಟ್ಟೇನಿರಿ! ಮತ್ತ ಬರೂ ಮನಿ ಬರಿದು ಬಿಡಬಾರದಂತ ಇಟ್ಟೇನಿ," ಎಂದು ಕನ್ನಡದಲ್ಲೂ ಮುರುಕು ಹಿಂದಿಯಲ್ಲೂ ಹೇಳಿದರು. ಮಗ ಒಪ್ಪದೆ ತಲೆಯಾಡಿಸಿದ. ನಾನು ಲಾಭ ಪಡೆಯುವವಳು, ವೈನಿ ನನ್ನ ಕಡೆಯವರು. ಅವನ ಜಾಗದಲ್ಲಿ ನಾನಿದ್ದರೂ ಈ ಎರಡು ಹೇಳಿಕೆಗಳನ್ನು ಒಪ್ಪುತ್ತಿರಲಿಲ್ಲ.

ಆಗ ಮೆಟ್ಟಿಲ ತಿರುವಿನಲ್ಲಿ ಬಿಳಿ ಧೋತರ ಕಾಣಿಸಿತು. ಭಾವನವರು. ಕೆಳಗೆ ಅಂಗಡಿಯಲ್ಲಿ ವಿಚಾರಿಸಿ ಬಂದಿದ್ದರು. ತಾಡಪತ್ರಿಯ ಕೆಳಗಿನ ಸಾಮಾನನ್ನು ನೋಡಿಯೇ ಬಂದಿರಬೇಕು. ಅವರು ನನ್ನನ್ನು ನೋಡಿದರು, ಬರಿಯ ಕೋಣೆಯನ್ನು ನೋಡಿದರು, ಡಬ್ಬಿಯನ್ನು ನೋಡಿದರು. ನಾನು ಮಗಳ ಕೈ ಹಿಡಿದಿದ್ದೆ. "ಆಯೀ, ದುಖತಂಯ್," ಅಮ್ಮಾ ನೋಯುತ್ತಿದೆ, ಎಂದಳು. ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದು ಆಗಲೇ ಗೊತ್ತಾದದ್ದು.

ಭಾವನವರಿಗೆ ಸೊಲ್ಲಾಪುರದ ವ್ಯಾಪಾರದಿಂದ ಮರಾಠಿ ಚೆನ್ನಾಗಿ ಬರುತ್ತಿತ್ತು. ಡಬ್ಬಿಯನ್ನು ಕೈಗೆ ತೆಗೆದುಕೊಂಡು ಕಾಳನ್ನು ಬೆರಳಲ್ಲಿ ಆಡಿಸಿ ಕಾಕಾನಿಗೆ ಹೇಳಿದರು, "ಆಮಚ್ಯಾಕಡೇ ಘರ್ ರಿಕಾಮಂ ಠೇವತ್ ನಾಹೀತ್." ನಮ್ಮ ಕಡೆ ಮನೆ ಬರಿದು ಬಿಡುವುದಿಲ್ಲ. "ನಮ್ಮ ತಾಯಿ ಇವತ್ತಿಗೂ ಹೀಗೇ ಇಡುತ್ತಾಳೆ. ಮನೆ ನುಂಗಬೇಕು ಅನ್ನುವವರು ಒಂದು ಹಿಡಿ ಜೋಳ ಇಡುತ್ತಾರೇನು? ಕಪಾಟು ಇಡುತ್ತಾರೆ."

"ನೀವು ಇವರ ಕಡೆಯವರು, ಹಾಗೇ ಹೇಳುತ್ತೀರಿ," ಎಂದ ಮಗ.

"ಅಲ್ಲ," ಎಂದರು ಭಾವನವರು, ಅದೇ ಏರದ ದನಿಯಲ್ಲಿ. "ನಾನು ಇವಳ ಎದುರು ಕಡೆಯವನು. ಮುಲೀಲಾ ನ್ಯಾಯಲಾ ಆಲೋಯ್."

ಹುಡುಗಿಯನ್ನು ಕರೆದೊಯ್ಯಲು ಬಂದಿದ್ದೇನೆ. ವರ್ಷವಿಡೀ ನಾನು ಹೆದರಿದ್ದ ಮಾತನ್ನು ಅವರು ನನ್ನನ್ನು ಬಿಡಿಸಲೆಂದು ಹೇಳಿದರು, ಮತ್ತು ಅದು ನಿಜವಾಗಿತ್ತು. ಕನ್ನಡದಲ್ಲಿ ಹೇಳಿದ್ದರೆ ಮಗಳಿಗೆ ಅರ್ಧ ತಿಳಿಯುತ್ತಿತ್ತೇನೋ. ಮರಾಠಿ ಅವಳ ಶಾಲೆಯ ಭಾಷೆ, ಆಟದ ಭಾಷೆ. ಪೂರ್ತಿ ತಿಳಿಯಿತು.

ಅವಳು ನನ್ನ ಕೈ ಬಿಡಿಸಿಕೊಂಡಳು. ನಾಲ್ವರು ದೊಡ್ಡವರ ನಡುವೆ ನುಸುಳಿ ಒಳಗೆ ಹೋಗಿ, ತನ್ನ ಮಂಚ ಇರುತ್ತಿದ್ದ ಗೋಡೆಯ ಪಕ್ಕ ಬರಿನೆಲದ ಮೇಲೆ ಕಾಲು ಮಡಚಿ ಕುಳಿತಳು. ಅಳಲಿಲ್ಲ. ಗೋಡೆಗೆ ಬೆನ್ನು ಒತ್ತಿ ನಮ್ಮನ್ನು ನೋಡುತ್ತಿದ್ದಳು.

ಕಾಕಾ ಕೊನೆಗೆ ಕೆಮ್ಮಿದರು. "ಇನ್ನೇನು, ಹುಡುಗಿ ಕೂತೇಬಿಟ್ಟಳಲ್ಲ," ಎಂದು ಜೇಬಿನಿಂದ ಕೀಲಿ ತೆಗೆದು ನನ್ನ ಕಡೆ ಚಾಚಿದರು. ಮಗ "ಬಾಬಾ" ಎಂದ. "ಜೋಳಕ್ಕೆ ಕೇಸು ಹಾಕುತ್ತೀಯೇನೋ? ಹೋಗು, ಕಾಗದ ತಾ," ಎಂದರು.

ಕೀಲಿ ಕೈಗೆ ಬಂದರೂ ನನ್ನ ಕಣ್ಣು ಭಾವನವರ ಕಾಲಿನ ಮೇಲಿತ್ತು. ಅವರು ಹೊಸ್ತಿಲ ಬಳಿ ಸ್ವಲ್ಪ ಹೊತ್ತು ನಿಂತರು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಡಬ್ಬಿಯನ್ನು ಅಡುಗೆಕಟ್ಟೆಯ ಮೇಲಿಟ್ಟು, ಮಗಳ ಎದುರಿಗೆ ನೆಲದ ಮೇಲೆ ಕುಳಿತರು.

"ಅಜ್ಜಿ ಹತ್ರ ಬರ್ತೀ ಏನ?"

"ನಾಹೀ. ಶಾಳಾ ಆಹೇ."

"ಶಾಳಿ ಅಲ್ಲೂ ಐತಿ."

ಅವಳು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಅವರು ನನ್ನ ಕಡೆ ತಿರುಗಿದರು. "ಈಕೀಗೆ ಕನ್ನಡ ಬರೂದಿಲ್ಲೇನು?"

"ತಿಳೀತೈತ್ರಿ. ಮಾತಾಡೂದು ಹಿಂಗ."

"ಅವ್ವ ಏನಂತಾಳೋ," ಎಂದರು. ಅದು ಬೇಸರವೋ ನಗುವೋ ನನಗೆ ತಿಳಿಯಲಿಲ್ಲ. ವೈನಿ ಚಹಾ ತಂದರು. ಮಧ್ಯಾಹ್ನ ಭಾವನವರೇ ಅಂಗಿ ಬಿಚ್ಚಿಟ್ಟು ಮಂಚದ ಒಂದು ತುದಿ ಹಿಡಿದು ಮೇಲೆ ತಂದರು. ಊಟ ಮಾಡಿದರು. ಮಗಳನ್ನು ಕರೆದೊಯ್ಯುವ ಮಾತು ಮತ್ತೆ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ನೆನಪಾದೀತು ಎಂಬಂತೆ ನಡೆದುಕೊಂಡೆ.

ಸಂಜೆ ಸ್ಟೇಷನ್ನಿನವರೆಗೆ ಹೋಗಿ ಬೀಳ್ಕೊಟ್ಟೆ. ಲೋಕಲ್ ಬರುವ ಹೊತ್ತಿಗೆ ಅವರು ಹೇಳಿದರು, "ಮುಂದಿನ ಸರ್ತಿ ಖಾಲಿ ಮಾಡೂ ದಿನ ನನಗ ಮೊದಲ ತಿಳಸು, ತಂಗಿ. ನಾ ಬರ್ತೇನಿ."

ಗಾಡಿ ಬಂತು, ಅವರು ಹತ್ತಿದರು. ಯಾಕೆ ಬರುತ್ತೀರಿ ಎಂದು ಕೇಳಲು ನನಗೆ ಸಮಯವಿತ್ತು. ಬೇರೆಯವರನ್ನಾದರೆ ಕೇಳದೆ ಬಿಡುತ್ತಿರಲಿಲ್ಲ. ಮಂಚ ಹಿಡಿಯಲು ಬರುತ್ತಾರೋ, ಮಗಳ ಕೈ ಹಿಡಿದು ಕರೆದೊಯ್ಯಲು ಬರುತ್ತಾರೋ ಎಂಬುದು ಖಚಿತವಾಗದೆ ಮನೆಗೆ ನಡೆದೆ. ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದೆ. "ಕೋಣ್?" ಯಾರದು, ಎಂದಳು ಮಗಳು. "ನಾನು," ಎಂದೆ. ಅವಳು ಇನ್ನೊಮ್ಮೆ ಕೇಳಿ, ನನ್ನ ದನಿಯನ್ನು ಇನ್ನೊಮ್ಮೆ ಕೇಳಿಸಿಕೊಂಡು, ಆಮೇಲೆ ಚಿಲಕ ತೆಗೆದಳು.