ಬಾಯಾರಿದ ಬಿಲ್ಲು

ಸೈಮಾ ರಾಂಟಾಳ ಕೈಗೆ ನೆಟ್ಟಗಿರುವ ಕಡ್ಡಿ ಸಿಕ್ಕರೆ ಅದನ್ನು ಬಗ್ಗಿಸಿ ನೋಡದೆ ಅವಳು ಕೆಳಗಿಡುತ್ತಿರಲಿಲ್ಲ. ಪೊರಕೆಯ ಹಿಡಿ, ಮರದ ಸೌಟು, ಪರದೆ ತೂಗುವ ಕೋಲು, ಯಾವುದಾದರೂ ಸರಿ. ತುದಿಗಳನ್ನು ಹಿಡಿದು ನಡುವೆ ಹೆಬ್ಬೆರಳು ಒತ್ತಿ, ಅದು ಮತ್ತೆ ನೆಟ್ಟಗಾಗಲು ಎಷ್ಟು ಹಟ ಮಾಡುತ್ತದೆ ಎಂದು ಕಣ್ಣು ಮುಚ್ಚಿ ಕೇಳಿಸಿಕೊಳ್ಳುವಳು. ಅವಳು ಅಡುಗೆ ಮಾಡುತ್ತಿದ್ದ ಶಾಲೆಯಲ್ಲಿ ಊಟದ ಸಾಲಿಗೆ ನಿಂತ ಮಕ್ಕಳು ತಟ್ಟೆಯ ಜೊತೆಗೆ ಪೆನ್ಸಿಲನ್ನೂ ಚಾಚುತ್ತಿದ್ದರು.

"ನಂದು ಹೇಗಿದೆ ನೋಡಿ ಆಂಟಿ."

"ಇದಾ? ಸೋಮಾರಿ ಕಣೋ ಇದು. ಬಾಣ ಮಾಡಿ ಬಿಟ್ರೆ ಅಳಿಲೂ ಹೆದರಲ್ಲ," ಎಂದು ಪೆನ್ಸಿಲನ್ನು ವಾಪಸು ಕೊಟ್ಟು, ಬೇಯಿಸಿದ ಆಲೂಗಡ್ಡೆಯನ್ನು ಒಂದು ಸೌಟು ಜಾಸ್ತಿಯೇ ಹಾಕುವಳು.

ಬಾಣ ಮಾಡುವುದು ಅವಳಿಗೆ ಅಪ್ಪನಿಂದ ಬಂದದ್ದು. ಅಮೆರಿಕದ ಸುಪೀರಿಯರ್ ಸರೋವರದ ತೆಂಕಣ ದಂಡೆಯ ಆ ಕಾಡೂರಿನಲ್ಲಿ ಎಲ್ಲರ ಮನೆಯಲ್ಲೂ ಬಂದೂಕು ಇದ್ದಾಗ ಅಪ್ಪ ಮಾತ್ರ ಉದ್ದನೆಯ ಮರದ ಬಿಲ್ಲು ಹಿಡಿದು ಕಾಡಿಗೆ ಹೋಗುತ್ತಿದ್ದ. ಮಗಳು ಅವನಿಗೆ ಸೀಡರ್ ಮರದ ಕಡ್ಡಿಗಳನ್ನು ಕೆಟಲಿನ ಹಬೆಗೆ ಹಿಡಿದು ಸೊಟ್ಟ ತೆಗೆದು ಕೊಡುತ್ತಿದ್ದಳು. ಬಿಲ್ಲಿನ ಕಸುವಿಗೆ ಬಾಣದ ಬಿಗಿ ಹೊಂದಬೇಕು. ಬಾಣ ಮೆದುವಾದರೆ ಬಲಕ್ಕೆ ವಾಲುತ್ತದೆ, ಗಡುಸಾದರೆ ಎಡಕ್ಕೆ. ಹೊಂದಿತೆಂದರೆ ಅದು ಹೆದೆ ಬಿಟ್ಟ ಸದ್ದೂ ಕೇಳಿಸುವುದಿಲ್ಲ, ಯಾರೋ ಕತ್ತಲಲ್ಲಿ ಉಸಿರು ಬಿಟ್ಟ ಹಾಗೆ ಹೋಗುತ್ತದೆ. ಅಪ್ಪ ತೀರಿಕೊಂಡ ಮೇಲೂ ಅವಳು ಮಾಡುವುದನ್ನು ಬಿಡಲಿಲ್ಲ. ಪ್ರತಿ ಶರತ್ಕಾಲ ಒಂದು ಕಟ್ಟು ಬಾಣ ದೂರದ ದಕ್ಷಿಣದ ಜಾರ್ಜಿಯಾಕ್ಕೆ, ಸಮುದ್ರದ ಬದಿಯ ಜೌಗು ನೆಲದಲ್ಲಿ ದೋಣಿ ದುರಸ್ತಿ ಮಾಡಿಕೊಂಡಿದ್ದ ತಮ್ಮ ಟೌನೋಗೆ ಹೋಗುತ್ತಿತ್ತು. ಅಲ್ಲಿ ಅವನು ಕಾಡುಹಂದಿ ಹೊಡೆಯುತ್ತಿದ್ದ. ಅಲ್ಲಿನ ಗಾಳಿಯನ್ನು ಹಿಂಡಿದರೆ ನೀರು ಬೀಳುತ್ತದೆ ಎಂದು ಅವನು ಹೇಳಿದ್ದರಿಂದ ಆ ಕಟ್ಟಿಗೆ ಮಾತ್ರ ಬಾತುಕೋಳಿಯ ಗರಿ, ಮೇಲೆ ಇನ್ನೊಂದು ಕೋಟು ವಾರ್ನಿಷ್.

ಅಕ್ಕ ತಮ್ಮ ಫೋನಿನಲ್ಲಿ ಮಾತಾಡಿದರೆ ಅದು ಹವೆಯ ಮಾತೇ. ಇಲ್ಲಿ ಹಿಮ ಎಷ್ಟು, ಅಲ್ಲಿ ಸೆಕೆ ಎಷ್ಟು, ಗರಿ ಉದುರಿತೇ, ಬಿಲ್ಲು ಮೆತ್ತಗಾಯಿತೇ. ಆ ಜಿಂಕೆಯ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಆ ಜಿಂಕೆ ಟೌನೋ ಇನ್ನೂ ಹರೆಯದಲ್ಲಿದ್ದಾಗಿನದು. ಸಂಜೆಯ ಮಬ್ಬಿನಲ್ಲಿ ಅವಸರಪಟ್ಟು ಬಿಟ್ಟ ಅವನ ಬಾಣ ಜಿಂಕೆಗೆ ತಾಗಿತ್ತು, ಆದರೆ ತಾಗಬೇಕಾದ ಕಡೆ ತಾಗಿರಲಿಲ್ಲ. ನೆತ್ತರಿನ ಜಾಡು ಸೀಡರ್ ಜೌಗಿನೊಳಗೆ ಹೋಯಿತು, ರಾತ್ರಿ ಹಿಮ ಬಿದ್ದು ಎಲ್ಲವನ್ನೂ ಮುಚ್ಚಿತು. ಹುಡುಕಿದರು, ಮತ್ತೆ ಹುಡುಕಿದರು, ಸಿಗಲಿಲ್ಲ. ಕಾಡಿನೊಳಗಿನ ಅವರ ಬೇಟೆಯ ಗುಡಿಸಲಿನಲ್ಲಿ ಒಂದು ರೂಢಿಯಿದೆ: ಗುರಿ ತಪ್ಪಿದವನ ಅಂಗಿಯ ಹಿಂಬದಿಯ ಚುಂಗನ್ನು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು, ಎಲ್ಲರೂ ಸೇರಿ ಅವನನ್ನು ಕಿಚಾಯಿಸುವುದು. ಗೋಡೆಯ ತುಂಬ ಅಂಥ ಚುಂಗುಗಳು, ಅಪ್ಪನವೂ, ಸೈಮಾಳವೂ. ಅಂದು ಮಾತ್ರ ಯಾರೂ ಕತ್ತರಿ ತರಲಿಲ್ಲ. ಅದು ಗುರಿ ತಪ್ಪಿದ್ದಲ್ಲ, ಒಂದು ಜೀವ ಎಲ್ಲೋ ನೋವು ತಿನ್ನುತ್ತ ಹೋದದ್ದು. ಯಾರೂ ಬೈಯಲಿಲ್ಲ, ನಗಲೂ ಇಲ್ಲ. ಆ ಮೌನವನ್ನು ಹೊತ್ತುಕೊಂಡೇ ಟೌನೋ ಮುಂದಿನ ವಸಂತದಲ್ಲಿ ದಕ್ಷಿಣಕ್ಕೆ ಹೋದ. ಮದುವೆ, ಸಾವುಗಳಿಗೆ ಬಂದುಹೋದನೇ ಹೊರತು ಕಾಡಿನ ಕಡೆ ತಲೆ ಹಾಕಲಿಲ್ಲ.

ಹಾಗಿದ್ದವನು ಆ ವರ್ಷ ಫೋನಿನಲ್ಲಿ ಹವೆಯ ಮಾತೆಲ್ಲ ಮುಗಿದ ಮೇಲೆ, "ಅಕ್ಕ, ಡಿಸೆಂಬರಲ್ಲಿ ಬರ್ಲಾ? ಗುಡಿಸ್ಲಿಗೆ," ಎಂದ.

ಸೈಮಾ ಒಲೆಯ ಮೇಲಿನ ಸಾರನ್ನು ತಿರುವುತ್ತಲೇ ಇದ್ದಳು. "ಬಾ. ದಪ್ಪ ಕಾಲುಚೀಲ ತಗೊಂಡು ಬಾ," ಎಂದಷ್ಟೇ ಹೇಳಿದಳು. ಈ ಸಲವೂ ಕಾಡಿನಲ್ಲಿ ಏನಾದರೂ ಕೆಟ್ಟರೆ ತಮ್ಮ ಇನ್ನು ಬರುವುದೇ ಇಲ್ಲ ಎಂಬುದು ಅವಳಿಗೆ ಅರ್ಥವಾಗಿತ್ತು.

ಟೌನೋ ಬಂದ. ತಲೆ ನೆರೆತಿತ್ತು, ಮುಖ ಬಿಸಿಲಿಗೆ ಸುಟ್ಟು ಹಳೆಯ ಚರ್ಮದ ಚೀಲದಂತಾಗಿತ್ತು. ಕಂಬಳಿಯಲ್ಲಿ ಸುತ್ತಿ ತಂದಿದ್ದ ಬಿಲ್ಲನ್ನು ಬಿಚ್ಚಿದ. ತನ್ನ ಊರಿನ ಹಿಕರಿ ಮರದಲ್ಲಿ ತಾನೇ ಕೆತ್ತಿದ್ದು. ಸೈಮಾಳ ಗಂಡ ರೂಡಿ ಬೇಟೆಯಾಡುವವನಲ್ಲ, ಗುಡಿಸಲಿಗೆ ಬರುವುದು ಅಡುಗೆ ಮಾಡಲು. ಅವನು ಮಾಂಸ, ಆಲೂಗಡ್ಡೆ ತುಂಬಿದ ಕಡುಬುಗಳನ್ನು ಒಲೆಯಿಂದ ತೆಗೆಯುತ್ತ ಭಾವಮೈದುನನನ್ನು ಮೇಲಿಂದ ಕೆಳಗೆ ನೋಡಿದ.

"ಏನಪ್ಪಾ, ಅಲ್ಲಿ ಊಟ ಹಾಕಲ್ವಾ ನಿಂಗೆ?"

"ಹಾಕ್ತಾರೆ ಭಾವ. ತಿಂದಿದ್ದೆಲ್ಲ ಬೆವರಾಗಿ ಹೋಗುತ್ತೆ."

"ಇಲ್ಲಿ ಬೆವರಲ್ಲ ಬಿಡು. ಮೂಗಲ್ಲಿ ಸುರಿಯೋದೂ ಅಲ್ಲೇ ಗಡ್ಡೆ ಕಟ್ಟುತ್ತೆ," ಎಂದ ಎಲ್ವುಡ್. ಅವನು ಹಿಮ ತಳ್ಳುವ ಲಾರಿಯ ಚಾಲಕ, ಅಪ್ಪನ ಕಾಲದಿಂದ ಗುಡಿಸಲಿನ ಜೊತೆಗಾರ. ಬಾಯಿ ಸುಮ್ಮನಿರುತ್ತಿದ್ದುದು ಜಿಂಕೆ ಎದುರಿಗಿದ್ದಾಗ ಮಾತ್ರ.

ಏಲಕ್ಕಿ ಹಾಕಿದ ಬ್ರೆಡ್ಡು ಕಾಫಿಯಲ್ಲಿ ಅದ್ದಿಕೊಂಡು ತಿಂದು ಎಲ್ಲರೂ ಮಲಗಿದರು.

ಬೆಳಿಗ್ಗೆ ಗುಡಿಸಲಿನ ಹಿಂದೆ ಹುಲ್ಲಿನ ಕಟ್ಟಿಗೆ ಗುರಿಯಿಟ್ಟು ಅಭ್ಯಾಸಕ್ಕೆ ನಿಂತರು. ಟೌನೋನ ಮೊದಲ ಬಾಣ ಕಟ್ಟಿನ ಬಲ ಅಂಚನ್ನು ಹರಿದುಕೊಂಡು ಹೋಗಿ ಹಿಮದಲ್ಲಿ ಹುದುಗಿತು. ಎರಡನೆಯದೂ ಬಲಕ್ಕೇ. ಆದರೆ ಅವನ ಮುಖ ಅರಳಿತ್ತು.

"ನೋಡಕ್ಕ ಹೆಂಗ್ ಹೋಗ್ತಿದೆ. ನಮ್ಮಲ್ಲಿ ಈ ಬಿಲ್ಲು ಮುದುಕನ ಥರ ಏದುಸಿರು ಬಿಡ್ತಿತ್ತು. ಇಲ್ಲಿಗೆ ಬಂದು ಹರೆಯ ಬಂದ್ಬಿಟ್ಟಿದೆ ಇದಕ್ಕೆ."

ಅವನು ಮೂರನೆಯ ಬಾಣ ಎಳೆದಾಗ ಮರದೊಳಗಿನಿಂದ ಒಂದು ಸಣ್ಣ ಸದ್ದು ಬಂತು, ಒಣ ಚಿಪ್ಪು ಕಾಲಡಿ ಸಿಕ್ಕ ಹಾಗೆ. ಸೈಮಾ ಅವನ ಮೊಣಕೈ ಹಿಡಿದುಕೊಂಡಳು.

"ಬಿಡಬೇಡ. ಮೆಲ್ಲಗೆ ಇಳಿಸು."

ಅವನು ಇಳಿಸಿದ. ಅವಳು ಕೈಗವಸು ತೆಗೆದು ಬಿಲ್ಲಿನ ಒಳಬದಿಯ ಮೇಲೆ ಅಂಗೈ ಆಡಿಸಿದಳು.

"ರಾತ್ರಿ ಎಲ್ಲಿಟ್ಟಿದ್ದೆ ಇದನ್ನ?"

"ಒಲೆ ಮೇಲೆ ತೊಲೆಗೆ ನೇತುಹಾಕಿದ್ದೆ. ಇನ್ನೆಲ್ಲಿಡ್ತಾರೆ?"

ಸೈಮಾಗೆ ನಗುವೂ ಬಂತು, ಗಾಬರಿಯೂ ಆಯಿತು. ದಕ್ಷಿಣದ ಜೌಗಿನವರಿಗೆ ಬಿಲ್ಲಿನ ಶತ್ರು ತೇವ. ಅವರು ಪೆಟ್ಟಿಗೆಯಲ್ಲಿ ದೀಪ ಉರಿಸಿ, ಬಿಲ್ಲನ್ನು ಮೊಟ್ಟೆಯ ಹಾಗೆ ಕಾವಿಗಿಟ್ಟು ಕಾಪಾಡುತ್ತಾರೆ. ಇಲ್ಲಿ ಚಳಿಗಾಲದ ಗಾಳಿಯಲ್ಲಿ ತೇವವೆಂಬುದೇ ಇಲ್ಲ. ಗುಡಿಸಲಿನವರು ಬಿಲ್ಲನ್ನು ಒಲೆಯ ಹತ್ತಿರ ಸುಳಿಯಗೊಡದೆ ಹೊರಗಿನ ಜಗಲಿಯಲ್ಲೇ ಇಡುತ್ತಾರೆ. ಇಷ್ಟು ವರ್ಷದಲ್ಲಿ ಅದನ್ನು ಮರೆತು, ಪ್ರೀತಿಯಿಂದ, ತಾನೀಗಿರುವ ಊರಿನ ಜಾಗರೂಕತೆಯಿಂದಲೇ ಅವನು ಬಿಲ್ಲನ್ನು ಹಪ್ಪಳ ಮಾಡಿದ್ದ.

"ಹರೆಯ ಅಲ್ಲ ಕಣೋ, ಬಾಯಾರಿದೆ ಅದಕ್ಕೆ. ಒಣಗಿ ಅದರ ಕಸುವು ಹೆಚ್ಚಾಗಿದೆ, ಬಾಣ ಅದಕ್ಕೆ ಮೆದುವಾಗಿ ಬಲಕ್ಕೆ ಹೋಗ್ತಿದೆ. ಇನ್ನೊಂದೆರಡು ಸಲ ಎಳೆದ್ರೆ ನಿನ್ನ ಮುಖದ ಮುಂದೇನೇ ಮುರಿಯುತ್ತೆ."

"ಹಂಗಾದ್ರೆ ಗಡುಸು ಬಾಣ ಕೊಡು. ನಿನ್ನ ಡಬ್ಬದಲ್ಲಿ ಇರುತ್ತಲ್ಲ."

"ಬಾಣ ಬದಲಾಯಿಸ್ಬೋದು. ಮುರಿಯೋದು ತಪ್ಪುತ್ತಾ?"

"ಹಾಗಾದ್ರೆ ಏನ್ಮಾಡ್ಲಿ?"

"ಸೌನಾದ ಹೊರಕೋಣೇಲಿಡೋಣ. ಸಂಜೆ ಸಂಜೆ ಕಲ್ಲಿಗೆ ನೀರು ಹಾಕಿದ್ರೆ ಹಬೆ ಅಲ್ಲೀತನಕ ಬರುತ್ತೆ. ನಿಧಾನಕ್ಕೆ ಕುಡೀಲಿ."

"ಎಷ್ಟು ದಿನ?"

"ಅದು ಸಾಕು ಅನ್ನೋ ತನಕ."

ಟೌನೋ ಹೆದೆ ಇಳಿಸಿ ಬಿಲ್ಲನ್ನು ಅವಳ ಕೈಗೆ ಕೊಟ್ಟ. ಕೊಟ್ಟ ರೀತಿ ಅವಳಿಗೆ ಹಿಡಿಸಲಿಲ್ಲ. "ನನ್ನ ಕೈಗೆ ಬಿಲ್ಲು ಕೊಡೋಕೆ ಇನ್ನೂ ಭಯ ನಿಂಗೆ. ನೇರವಾಗಿ ಹೇಳು," ಎಂದ.

"ಭಯ ಇದ್ದಿದ್ರೆ ಇಷ್ಟು ವರ್ಷ ಬಾಣ ಮಾಡಿ ಕಳಿಸ್ತಿದ್ನಾ, ಪೆದ್ದ?"

ಅವನು ಹಿಮದಲ್ಲಿ ಹುದುಗಿದ ಬಾಣ ಹುಡುಕಲು ಹೋದ. ಅವನ ರಜೆ ಹೆಚ್ಚಿರಲಿಲ್ಲ. ಕಾಯುತ್ತ ಕೂತ ಒಂದೊಂದು ದಿನವೂ ಅವನಿಗೆ ಹಳೆಯದನ್ನು ನೆನೆಯುವ ದಿನವೇ ಆಗುತ್ತದೆಂದು ಸೈಮಾಗೂ ಅನಿಸಿತು. ಆದರೆ ಮರವನ್ನು ಅವಸರಪಡಿಸುವ ಉಪಾಯ ಯಾರಿಗೂ ಗೊತ್ತಿಲ್ಲ.

ಹೀಗೆ ಬಿಲ್ಲು ಗುಡಿಸಲಿನ ಪಕ್ಕದ ಹಬೆಸ್ನಾನದ ಮನೆ, ಸೌನಾ, ಸೇರಿತು. ಸಂಜೆ ಗಂಡಸರು ಒಳಗೆ ಕಾದ ಕಲ್ಲಿನ ಮೇಲೆ ನೀರೆರೆದು ಕೂತರೆ ಹೊರಕೋಣೆಯ ಗೂಟದಲ್ಲಿ ಅದೂ ಜೋತಾಡುತ್ತಿತ್ತು. ಎಲ್ವುಡ್ ಅದಕ್ಕೊಂದು ಟವೆಲ್ ಹೊದಿಸಿದ.

"ನಾಚಿಕೆ ಆಗುತ್ತೆ ಅದಕ್ಕೆ, ಪರ ಊರಿಂದು," ಎಂದ.

ಎರಡನೆಯ ಸಂಜೆ ಟೌನೋ ಕೂಡ ನಕ್ಕ. ಹಗಲಲ್ಲಿ ಅವನು ಎಲ್ಲರಿಗೂ ಸೌದೆ ಒಡೆದ, ಅಕ್ಕನ ಬಾಣಗಳಿಗೆ ಗರಿ ಕತ್ತರಿಸಿ ಕೊಟ್ಟ. ಸೈಮಾ ದಿನಾ ಬೆಳಿಗ್ಗೆ ಬಿಲ್ಲಿಗೆ ಹೆದೆಯೇರಿಸಿ, ಸ್ವಲ್ಪ ಸ್ವಲ್ಪವೇ ಎಳೆದು, ಕಿವಿ ಹತ್ತಿರ ತಂದು ಆಲಿಸುವಳು. ಅವನು ಬಾಗಿಲಲ್ಲಿ ನಿಂತು ಅವಳ ಮುಖ ನೋಡುವನು. ಇನ್ನೇನು ಅವನ ರಜೆ ಮುಗಿಯಿತೆನ್ನುವಾಗ ಒಂದು ಬೆಳಿಗ್ಗೆ ಬಿಲ್ಲು ಸದ್ದಿಲ್ಲದೆ ಬಾಗಿತು. ಅವಳು ಹುಲ್ಲಿನ ಕಟ್ಟಿಗೆ ಬಿಟ್ಟ ಬಾಣ ನಡುವಿಗೇ ಹೋಗಿ ನಿಂತಿತು.

"ತಗೋ," ಎಂದಳು.

ಆ ಮಧ್ಯಾಹ್ನ ಅಕ್ಕ ತಮ್ಮ ತೊರೆಯ ಆಚೀಚೆ ಕೂತರು. ಅವನು ಮುರಿದು ಬಿದ್ದ ಹೆಮ್ಲಾಕ್ ಮರದ ಮರೆಗೆ, ಅವಳು ಈಚೆ ದಡದಲ್ಲಿ, ಅವನ ಬೆನ್ನು ಕಾಣುವಂತೆ. ಹಿಮ ಬಿದ್ದು ನಿಂತ ಕಾಡು, ಯಾರೋ ಬಾಯಿ ಮುಚ್ಚಿಕೊಂಡು ಕೂತಂತೆ ಇತ್ತು. ಬೆಳಕು ಇನ್ನೂ ಚೆನ್ನಾಗಿರುವಾಗಲೇ ಹೆಣ್ಣು ಜಿಂಕೆಯೊಂದು ತೊರೆಯಂಚಿಗೆ ಇಳಿದು ಬಂತು. ಒಂದೊಂದೇ ಗೊರಸು ಎತ್ತಿಟ್ಟು, ನಿಂತು, ಮೂಗು ಮೇಲೆ ಮಾಡಿ. ಟೌನೋ ಅವಸರ ಮಾಡಲಿಲ್ಲ. ಅದು ಪಕ್ಕೆ ತೋರಿಸಿ ತಲೆ ಆಚೆ ತಿರುಗಿಸಿದ ಮೇಲೆಯೇ ಅವನ ಬಿಲ್ಲು ಬಾಗಿತು.

ಬಾಣ ಹೋಯಿತು. ಜಿಂಕೆ ನೆಗೆಯಿತು, ಹಿಮ ಪುಡಿಯಾಗಿ ಎದ್ದಿತು, ಕಾಡು ಮತ್ತೆ ಮುಚ್ಚಿಕೊಂಡಿತು. ತಾಗಿತೋ ಇಲ್ಲವೋ ಅಷ್ಟು ದೂರದಿಂದ ಕಾಣಲಿಲ್ಲ. ಕಂಡದ್ದು ತಮ್ಮನ ಬೆನ್ನು ಮಾತ್ರ. ಅದು ಮೆಲ್ಲಗೆ ಕುಗ್ಗಿತು.

ಅವಳು ತೊರೆಯ ಮಂಜುಗಡ್ಡೆ ದಾಟಿ ಹೋದಳು. ಟೌನೋ ಅಲ್ಲೇ ಮಂಡಿಯೂರಿ ಕೂತಿದ್ದ. "ನೋಡಕ್ಕ ನೀನೇ. ನಂಗಾಗಲ್ಲ," ಎಂದ.

ಅವಳು ನೋಡಿದಳು. ಜಿಂಕೆ ನಿಂತಿದ್ದ ಜಾಗದಲ್ಲಿ, ಬಾಣ ತಾಗಿದರೆ ಉದುರುವ ಕೂದಲಿರಲಿಲ್ಲ. ಹಿಮದಲ್ಲಿ ಒಂದು ಉದ್ದನೆಯ ಗೀರು, ಗೀರಿನ ಕೊನೆಗೆ ಬಾಣ. ಎಳೆದು ತೆಗೆದಳು. ಕೈಗವಸು ತೆಗೆದು ಕಡ್ಡಿಯುದ್ದಕ್ಕೂ ಬೆರಳೆಳೆದು ಮೂಸಿದಳು. ಸೀಡರ್ ವಾಸನೆ ಬಿಟ್ಟು ಬೇರೇನೂ ಇಲ್ಲ. ಗರಿಗಳು ಬೆಳ್ಳಗೆ ಬೆಳ್ಳಗೇ ಇದ್ದವು. ಆದರೂ ಸುಮ್ಮನಾಗಲಿಲ್ಲ. ಇಬ್ಬರೂ ಬಗ್ಗಿ, ಗೊರಸಿನ ಗುರುತು ಹಿಡಿದು, ಸೀಡರ್ ಜೌಗಿನವರೆಗೂ ನಡೆದರು. ಜಿಂಕೆ ಅಲ್ಲಿ ಓಟ ಬಿಟ್ಟು ನಡಿಗೆಗಿಳಿದಿತ್ತು. ಒಂದು ಪೊದೆಯ ಚಿಗುರನ್ನೂ ಕಚ್ಚಿತ್ತು. ಎಲ್ಲೂ ಒಂದು ಹನಿ ಕೆಂಪಿಲ್ಲ.

"ಹೊಟ್ಟೆ ಅಡಿಯಿಂದ ಹೋಗಿದೆ," ಎಂದಳು ಸೈಮಾ. "ಒಂದು ಕೂದಲೂ ಅಲ್ಲಾಡಿಲ್ಲ. ನೋಡು, ಮೇವು ತಿಂದ್ಕೊಂಡು ಹೋಗಿದ್ದಾಳೆ ಮಹಾರಾಯ್ತಿ."

ಮೊದಲ ದಿನ ಒಣ ಬಿಲ್ಲು ತೋರಿದ ಓಟವನ್ನೇ ನಂಬಿ ಅವನು ಗುರಿ ಹಿಡಿದಿದ್ದ, ತೇವ ಕುಡಿದ ಬಿಲ್ಲಿನದು ನಿಧಾನ, ಅದಕ್ಕೆ ಅವನ ಗುರಿ ಕೆಳಗಾಯಿತು ಎಂಬುದು ಅವಳಿಗೆ ಹೊಳೆದಿತ್ತು. ಹೇಳಲಿಲ್ಲ. ಟೌನೋ ಹಿಮದಲ್ಲೇ ಕೂತು ನಗಲು ತೊಡಗಿದ್ದ. ನಗುನಗುತ್ತ ಕಣ್ಣು ಒರೆಸಿಕೊಂಡ. ಅವಳೂ ಪಕ್ಕದಲ್ಲಿ ಕೂತಳು. ಕೂರಬಾರದಿತ್ತು, ಮಂಡಿ ನೋಯುತ್ತಿತ್ತು. ಆದರೂ ಕೂತಳು.

"ತಪ್ಪಿತು ಅಕ್ಕ," ಎಂದ ಅವನು, ಸಿಹಿ ಹಂಚುವವನ ದನಿಯಲ್ಲಿ. "ಪೂರ್ತಿ ತಪ್ಪಿತು."

ಗುಡಿಸಲಿಗೆ ಬಂದಾಗ ರೂಡಿ ತಟ್ಟೆ ಜೋಡಿಸುತ್ತಿದ್ದ. ಎಲ್ವುಡ್ ಇಬ್ಬರ ಮುಖವನ್ನೂ ನೋಡಿ ತಟ್ಟೆಗಳತ್ತ ಕಣ್ಣು ತಿರುಗಿಸಿದ. ಅವನ ನೆನಪಿನಲ್ಲೂ ಆ ಹಳೆಯ ಸಂಜೆ ಇತ್ತು. ಟೌನೋ ಕೋಟು ಕಳಚಿ, ಅವನಿಗೆ ಬೆನ್ನು ಮಾಡಿ ನಿಂತು, ಅಂಗಿಯ ಚುಂಗನ್ನು ಪ್ಯಾಂಟಿನೊಳಗಿಂದ ಎಳೆದು ಹೊರಗೆ ಬಿಟ್ಟ.

ಎಲ್ವುಡ್ ಕತ್ತರಿಗಾಗಿ ಡ್ರಾಯರನ್ನೇ ಕಿತ್ತು ಹೊರಗೆಳೆದ.

"ಪೂರ್ತಿ ಗುರಿ ತಪ್ಪಿಸ್ದಾ? ಎಷ್ಟು ದೂರ?"

"ಹೆಣ್ಣು ಜಿಂಕೆ, ಹತ್ರಾನೇ ಇತ್ತು," ಎಂದಳು ಸೈಮಾ.

"ನಮ್ಮಜ್ಜಿ ಚಪ್ಲಿ ಎಸೆದು ಹೊಡೀತಿದ್ಲು ಅಷ್ಟು ದೂರಕ್ಕೆ. ಅಲ್ಲಾಡ್ಬೇಡ ನಿಂತ್ಕೋ. ನನ್ನ ಕೈ ನಡುಗುತ್ತೆ, ಇನ್ನೇನಾದ್ರೂ ಕತ್ತರಿಸಿಟ್ಟೇನು."

"ಧಾರಾಳವಾಗಿ ತಗೋ ಎಲ್ವುಡ್. ಇನ್ನೂ ಮೇಲಿಂದ ಕತ್ತರಿಸು," ಎಂದ ಟೌನೋ.

ಕತ್ತರಿ ದಪ್ಪ ಉಣ್ಣೆಯನ್ನು ಕಚ್ಚಿ ಕಚ್ಚಿ ಹೋಯಿತು. ತಟ್ಟೆ ಹಿಡಿದು ನಿಂತಿದ್ದ ರೂಡಿಯ ಮುಖ ಇದ್ದಕ್ಕಿದ್ದಂತೆ ಬದಲಾಯಿತು.

"ಅಲ್ಲ, ಒಂದ್ನಿಮಿಷ. ಅದು ನನ್ನ ಅಂಗಿ ಅಲ್ವೇನ್ರೋ?"

"ಅವನ ಹತ್ರ ಇದ್ದಿದ್ದೆಲ್ಲಾ ತೆಳ್ಳಗಿತ್ತು, ನಾನೇ ಕೊಟ್ಟೆ," ಎಂದಳು ಸೈಮಾ.

"ನನ್ನ ಒಳ್ಳೇ ಅಂಗಿ ಕಣೇ ಅದು. ಚರ್ಚಿಗೆ ಹಾಕ್ಕೊಂಡು ಹೋಗೋದು."

"ಮುಂದಿಂದ ಚೆನ್ನಾಗೇ ಕಾಣುತ್ತೆ," ಎಂದ ಎಲ್ವುಡ್, ಮೊಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು. "ಬೆಂಚಲ್ಲಿ ಕೂತ್ಕೊಂಡ್ಮೇಲೆ ಹಿಂದಗಡೆ ಯಾರ್ ನೋಡ್ತಾರೆ?" ಅವನು ಚುಂಗನ್ನು ಅಪ್ಪನ ಮಾಸಿದ ಚುಂಗಿನ ಪಕ್ಕಕ್ಕಿಟ್ಟು ಸುತ್ತಿಗೆ ಬೀಸಿದ.

ಟೌನೋ ತುಂಡು ಅಂಗಿಯಲ್ಲೇ ಮೇಜಿಗೆ ಬಂದು ಕೂತ. ಬೆನ್ನಿಗೆ ಚಳಿ ಬಡಿಯುತ್ತಿದ್ದಿರಬೇಕು, ಆದರೂ ಒಲೆಯ ಕಡೆ ಜರುಗಲಿಲ್ಲ, ಗೋಡೆ ಕಾಣುವ ಹಾಗೆ ಕೂತ.

"ಬೇಜಾರು ಮಾಡ್ಕೋಬೇಡ ಭಾವ. ಮುಂದಿನ ವರ್ಷ ನಂದೇ ಅಂಗಿ ತರ್ತೀನಿ."

ಸೈಮಾ ಕಾಫಿ ಬಗ್ಗಿಸುತ್ತಿದ್ದಳು. ಲೋಟ ತುಂಬಿದ್ದು ಅವಳಿಗೆ ತಿಳಿಯಲಿಲ್ಲ. ಮೇಜಿನ ಮೇಲೆ ಹರಿದದ್ದನ್ನು ಏಪ್ರನ್ನಿನಿಂದ ಒರೆಸುತ್ತ, ತಲೆಯೆತ್ತದೆ ಹೇಳಿದಳು.

"ಹಳೇದನ್ನ ತಾ."