ಮುನಿಯಮ್ಮನ ಎಡಗಣ್ಣು

ಮುನಿಯಮ್ಮ, ನಿಮ್ಮ ಎಡಗಣ್ಣು ಹೋದದ್ದು ನಿಮ್ಮ ತಪ್ಪಿನಿಂದಲ್ಲ, ನನ್ನಿಂದ. ನೀವು ತಡ ಮಾಡಿದಿರಿ ಎಂದು ನಾನು ಹೇಳಿದ್ದು ಸುಳ್ಳು.

ಬಂಗಾರಪೇಟೆಯ ನನ್ನ ಕಣ್ಣಿನ ಕ್ಲಿನಿಕ್ಕಿಗೆ ನೀವು ಮೊದಲ ಸಲ ಬಂದಾಗ ಕರಿಗುಡ್ಡೆಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗಂಟು. "ಸಾರ್, ಇದು ದಿನಾ ಬೆಳೀತಾ ಅದೆ. ಒಸಿ ನೋಡಿ" ಅಂದಿರಿ. ಮನೆ ಚಿನ್ನದ ಗಣಿ ಕಾರ್ಮಿಕರ ನಂದಿದುರ್ಗ ಲೈನಿನಲ್ಲಿ ಎಂದು ಕೇಳಿದೊಡನೆ ನನಗೆ ಉತ್ತರ ಸಿಕ್ಕಿಬಿಟ್ಟಿತ್ತು. ಗಣಿ ಮುಚ್ಚಿದರೂ ಅಲ್ಲಿ ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ದಿಬ್ಬಗಳ ಧೂಳು ಹಾರುವುದು ನಿಂತಿಲ್ಲ. ಆ ಕಡೆಯವರು ಯಾರೇ ಕಣ್ಣುಜ್ಜಿಕೊಂಡು ಬಂದರೂ ನಾವು ಹೇಳುವುದು ಅದೊಂದನ್ನೇ. "ಸೈನೈಡ್ ಧೂಳಮ್ಮ, ದುರ್ಮಾಂಸ ಬೆಳೆದಿದೆ. ಈ ವಯಸ್ಸಲ್ಲಿ ಚಂದ ಕಾಣಬೇಕಾ ನಿನಗೆ?" ಅಂದೆ, ಹನಿಮದ್ದು ಬರೆಯುತ್ತಾ. ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ನಕ್ಕರು. ನಿಮ್ಮ ಮುಖ ಸಣ್ಣದಾಯಿತು. ನನಗೆ ಖುಷಿಯೇ ಆಯಿತು.

ಎರಡನೆಯ ಸಲ ಬಂದಾಗ ಗಂಟು ಕರಿಗುಡ್ಡೆಯ ಮೇಲೆ ಹತ್ತಿತ್ತು, ಅದರೊಳಗೆ ಸುರುಳಿ ಸುರುಳಿ ರಕ್ತನಾಳ. ಧೂಳಿಗೆ ಬೆಳೆಯುವ ಮಾಂಸ ಹಾಗಿರುವುದಿಲ್ಲ. ಕ್ಯಾನ್ಸರಿಗೆ ತಿರುಗುವ ಮೊದಲಿನ ಬೆಳವಣಿಗೆ — ನನಗೆ ಗೊತ್ತಾಯಿತು, ಮುನಿಯಮ್ಮ, ಆ ಕ್ಷಣವೇ ಗೊತ್ತಾಯಿತು. ಆಗಲೇ ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದರೆ ಕಣ್ಣು ಉಳಿಯುತ್ತಿತ್ತು. ಆದರೆ ಮೊದಲ ಸಲ ಅಷ್ಟು ಜನರೆದುರು ಗೇಲಿ ಮಾಡಿದವನು ಇವತ್ತು ತಪ್ಪಾಯಿತು ಅನ್ನುವುದು ಹೇಗೆ... ಅದೇ ಹನಿಮದ್ದನ್ನು ಇನ್ನಷ್ಟು ತಿಂಗಳು ಹಾಕಿಕೋ ಎಂದು ಕಳಿಸಿಬಿಟ್ಟೆ.

ಗಂಟು ಕ್ಯಾನ್ಸರಾಗಿ, ಬೆಂಗಳೂರಿನಲ್ಲಿ ಕಣ್ಣನ್ನೇ ತೆಗೆಸಿಕೊಂಡು ಬಂದ ಮೇಲೂ ನೀವು ನನ್ನ ಮೇಲೆ ಕೂಗಾಡಲಿಲ್ಲ. "ನಾನಿನ್ನೂ ಬಿರ್ನೆ ಬಂದಿದ್ರೆ ಉಳೀತಿತ್ತಾ ಸಾರ್?" ಎಂದು ಕೇಳಿದಿರಿ, ಅಷ್ಟೇ.

"ನೀನು ಮೊದಲ ಸಲ ಬರೋ ಹೊತ್ತಿಗೇ ಕೈಮೀರಿತ್ತು. ನೀನೇ ತಡ ಮಾಡಿದೆ," ಅಂದೆ.

ನಿಮ್ಮ ಗಂಡ ಪಕ್ಕದಲ್ಲೇ ಇದ್ದರು. "ಕೇಳಿಸ್ತೇನೇ? ನಿನ್ನ ಕೈಯಾರೆ ಕಳ್ಕೊಂಡೆ" ಎಂದು ರೇಗಿದರು. ನೀವು ತಲೆ ತಗ್ಗಿಸಿ, ತಪ್ಪಾಯ್ತು ಸಾರ್ ಅಂದಿರಿ — ನನಗೆ! ನಾನು ಮುಂದಿನವರನ್ನು ಒಳಗೆ ಕರೆದೆ.

ವರ್ಷಗಳಾದವು. ಈಗ ನಿಮ್ಮ ಲೈನಿನಲ್ಲಿ ಯಾರ ಕಣ್ಣು ಕೆಂಪಾದರೂ ನೀವೇ ಕೈಹಿಡಿದು ನನ್ನಲ್ಲಿಗೆ ಕರೆತರುತ್ತೀರಿ. ಕಳೆದ ವಾರ ಪಕ್ಕದ ಮನೆಯ ಸೊಸೆಯನ್ನು ಕೂರಿಸಿಕೊಂಡು ಹೇಳುತ್ತಿದ್ದಿರಿ: "ನನ್ನಂಗೆ ತಡ ಮಾಡಬ್ಯಾಡಮ್ಮ. ತಪ್ಪೆಲ್ಲಾ ನಂದೇ. ಈ ಸಾರ್ ಅತ್ರ ಮೊದ್ಲೇ ಬಂದಿದ್ರೆ ನನ್ ಕಣ್ಣು ಓಗ್ತಿರ್ಲಿಲ್ಲ."

ಆ ಹುಡುಗಿಗೆ ಬರೀ ಮದ್ರಾಸ್ ಐ. ಮದ್ದು ಕೊಟ್ಟೆ. ನಿಮಗೆ ನಿಜ ಹೇಳಬೇಕೆಂದು ಬಾಯಿ ತೆರೆದೆ —

ನೀವು ನನಗೆ ಕೈಮುಗಿದಿರಿ. ಆ ನಮಸ್ಕಾರವನ್ನೂ ತೆಗೆದುಕೊಂಡೆ.